ಅವ್ವ ಕೂತ ಫೋಟೋ

ನಾನು ನಿಂತಿದ್ದು ಮಗಳ ಶಾಲೆಯ ಆಡಳಿತ ಕಟ್ಟಡದ ಮೊದಲ ಮಹಡಿಯಲ್ಲಿ, ಮೀಟಿಂಗ್ ಕೋಣೆಯ ಬಾಗಿಲಿನಿಂದ ಒಂದು ಹೆಜ್ಜೆ ಒಳಗೆ. ಎಡಕ್ಕೆ ಕುಡಿಯುವ ನೀರಿನ ಯಂತ್ರವಿತ್ತು, ಬಲಕ್ಕೆ ಆಟದ ಮೈದಾನದ ಕಡೆಗಿನ ಕಿಟಕಿ. ಮಂಗಳವಾರ ಬೆಳಿಗ್ಗೆ, ಮಕ್ಕಳ ಬಿಡುವಿನ ಗಂಟೆ ಆಗತಾನೇ ಬಾರಿಸಿತ್ತು. ಮೇಜಿನ ಈಚೆ ಎರಡೇ ಕುರ್ಚಿ ಇದ್ದವು. ಹೆಂಡತಿಯೂ ಮಗಳೂ ಕೂತರು. ಹಾಗಾಗಿ ನಾನು ನಿಂತೆ. ನಿಂತಿದ್ದರಿಂದ ಮೇಜಿನ ಆಚೆ ಕೂತಿದ್ದ ಮೂವರ ಮುಖಗಳೂ ಕೈಗಳೂ ನನಗೆ ಚೆನ್ನಾಗಿ ಕಾಣುತ್ತಿದ್ದವು.

ಇದನ್ನು ಮೊದಲೇ ಬರೆಯುವುದಕ್ಕೆ ಕಾರಣವಿದೆ. ಆ ದಿನ ನಾನು ದುಃಖದಲ್ಲಿದ್ದೆ, ಅಲ್ಲಿ ಆಡಿದ ಮಾತು ನನಗೆ ಸರಿಯಾಗಿ ಕೇಳಿಸಿರಲಿಕ್ಕಿಲ್ಲ ಎಂದು ಡಾಕ್ಟರು ನಮ್ಮ ಕನ್ನಡದವರ ಒಂದೆರಡು ಮನೆಗಳಲ್ಲಿ ಹೇಳಿದ್ದಾರೆ. ದುಃಖದಲ್ಲಿದ್ದುದು ನಿಜ. ಕೇಳಿಸಿದ್ದೂ ನಿಜ.

ಡಾಕ್ಟರು ಎಂದರೆ ನನ್ನ ಗೆಳೆಯ. ಉಡುಪಿ ಕಡೆಯವರು. ಇಲ್ಲಿ ಮಲೇಷ್ಯಾದಲ್ಲಿ, ಮೆಲಾಕಾದ ವೈದ್ಯಕೀಯ ಕಾಲೇಜಿನಲ್ಲಿ ವಾರದ ಕೆಲವು ದಿನ ಪಾಠ ಮಾಡುತ್ತಾರೆ, ಉಳಿದ ದಿನ ಪುಚೊಂಗ್‌ನ ಮನೆಯಲ್ಲಿರುತ್ತಾರೆ. ನಾನು ಗದಗಿನವನು. ಪುತ್ರಜಯಾದ ಸರ್ಕಾರಿ ಕಟ್ಟಡಗಳ ಏಸಿ ನೋಡಿಕೊಳ್ಳುವ ಕಂಪನಿಯಲ್ಲಿ ಎಂಜಿನಿಯರು. ಇಬ್ಬರದೂ ಒಂದೇ ಕಾಂಡೊ. ಅವರ ಮನೆ ನಮ್ಮ ಮನೆಗಿಂತ ಎರಡು ಮಹಡಿ ಕೆಳಗೆ. ಅವರ ಮಗ, ನನ್ನ ಮಗಳು ಒಂದೇ ಶಾಲೆ, ಒಂದೇ ಕ್ಲಾಸು. ಭಾನುವಾರ ಮಧ್ಯಾಹ್ನದ ಊಟ ಒಂದು ವಾರ ಅವರಲ್ಲಿ, ಒಂದು ವಾರ ನಮ್ಮಲ್ಲಿ. ಅವರ ಮನೆಯ ಕುಚಲಕ್ಕಿ ಅನ್ನಕ್ಕೆ ನಾನು ಒಗ್ಗಿಕೊಂಡೆ. ನಮ್ಮ ರೊಟ್ಟಿಗೆ ಅವರು ಕೊನೆಯವರೆಗೂ ಒಗ್ಗಲಿಲ್ಲ. 'ಇದನ್ನು ತಿನ್ನುದಕ್ಕಿಂತ ಕಟ್ಟಡಕ್ಕೆ ಉಪಯೋಗಿಸಿ ಮಾರಾಯ್ರೇ' ಎನ್ನುತ್ತಿದ್ದರು. ನಗುತ್ತಿದ್ದೆವು.

ಆ ಶಾಲೆಯ ನಿಯಮ ಹೀಗಿತ್ತು. ಟರ್ಮು ನಡೆಯುತ್ತಿರುವಾಗ ಅನುಮತಿ ಇಲ್ಲದೆ ಮಗುವನ್ನು ಎರಡು ವಾರಕ್ಕಿಂತ ಹೆಚ್ಚು ಕರೆದುಕೊಂಡು ಹೋದರೆ ತಂದೆತಾಯಿಯನ್ನು ಹಾಜರಾತಿ ಸಮಿತಿಯ ಮುಂದೆ ಕರೆಯುತ್ತಾರೆ. ಸಮಿತಿಗೆ ಕಾರಣ ಒಪ್ಪಿಗೆಯಾಗದಿದ್ದರೆ ಮಗುವಿನ ಸೀಟು ಹೋಗುತ್ತದೆ, ಕಾಯುತ್ತಿರುವ ಬೇರೆ ಮಗುವಿಗೆ ಅದನ್ನು ಕೊಡುತ್ತಾರೆ. ಕಲಿಯುವುದು ಮಗು, ಶಿಕ್ಷೆ ತಂದೆತಾಯಿಗೆ ಎಂದು ಶಾಲೆಯವರು ಹೇಳುತ್ತಿದ್ದರು. ಕಳೆದುಕೊಳ್ಳುವುದು ಮಾತ್ರ ಮಗುವೇ. ಒಂದು ವಿನಾಯಿತಿ ಇತ್ತು: ಮನೆಯಲ್ಲಿ ಸಾವು. ಅಪ್ಪ, ಅಮ್ಮ, ಅಜ್ಜ, ಅಜ್ಜಿ ತೀರಿಕೊಂಡರೆ ಹೋಗಬಹುದು. ದಾಖಲೆ ಆಮೇಲೆ ತಂದರೂ ಸಾಕು.

ಈ ಒಂದು ಸಂದಿಯಿಂದ ನಮ್ಮ ಜನ ಹಾದುಹೋಗುವುದನ್ನು ಕಲಿತಿದ್ದರು. ಊರಿನಲ್ಲಿ ಮದುವೆಯ ಮುಹೂರ್ತ ಮಲೇಷ್ಯಾದ ಟರ್ಮು ನೋಡಿ ಇಡುವುದಿಲ್ಲ. ತಮ್ಮನ ಮದುವೆ, ಗೃಹಪ್ರವೇಶ, ನಾಗಪ್ರತಿಷ್ಠೆ ಏನೇ ಇರಲಿ, ಶಾಲೆಗೆ ಹೇಳುವುದು ಮಾತ್ರ ಅಜ್ಜಿಯ ಸಾವು. ದಾಖಲೆಯನ್ನು ಶಾಲೆಯೂ ಎರಡನೇ ಸಲ ಕೇಳುತ್ತಿರಲಿಲ್ಲ. ನಮ್ಮ ಸಂಘದ ದೀಪಾವಳಿ ಊಟದಲ್ಲಿ ಒಬ್ಬರು, 'ನಮ್ಮತ್ತೆ ಈ ಸ್ಕೂಲಿಗೋಸ್ಕರ ಮೂರು ಸಲ ಸತ್ತಿದ್ದಾರೆ, ಇನ್ನೂ ಕಾಯಿ ತುರೀತಾರೆ' ಎಂದಾಗ ಇಡೀ ಸಾಲು ನಕ್ಕಿತ್ತು.

ಹಿಂದಿನ ವರ್ಷ ಡಾಕ್ಟರೂ ತಮ್ಮನ ಮದುವೆಗೆ ಊರಿಗೆ ಹೋಗಿದ್ದರು. ಶಾಲೆಗೆ ತಾಯಿ ತೀರಿಕೊಂಡರು ಎಂದು ಹೇಳಿದ್ದರು. ಹಿಂತಿರುಗಿದಾಗ ಮಗನ ಕ್ಲಾಸಿನ ಮಕ್ಕಳೆಲ್ಲ ಸೇರಿ ಬಣ್ಣದ ಕಾಗದದಲ್ಲಿ ಒಂದು ಸಂತಾಪದ ಕಾರ್ಡು ಮಾಡಿಕೊಟ್ಟರು. ಅದರಲ್ಲಿ ನನ್ನ ಮಗಳ ಕೈಬರಹವೂ ಇತ್ತು. ಅವಳಿಗೆ ಆಗ ನಿಜ ಗೊತ್ತಿರಲಿಲ್ಲ. ಎಸೆಯಲು ಮನಸ್ಸಾಗದೆ ಡಾಕ್ಟರ ಹೆಂಡತಿ ಅದನ್ನು ಫ್ರಿಜ್ಜಿನ ಹಿಂದೆ ತೂರಿಸಿಟ್ಟರು.

ಈ ವರ್ಷ ಅದೇ ತಾಯಿ ಮಗನ ಮನೆಯಲ್ಲಿ ಮೂರು ತಿಂಗಳು ಇದ್ದು ಹೋಗಲು ಬಂದರು. ಗಟ್ಟಿ ಜೀವ. ಕಾಂಡೊದ ಸುತ್ತ ಬೆಳಿಗ್ಗೆ ಬರಿಗಾಲಲ್ಲಿ ನಡೆಯುತ್ತಿದ್ದರು. ಪಕ್ಕದ ಮಾಮಕ್ ಅಂಗಡಿಯ, ಅಂದರೆ ತಮಿಳು ಮುಸ್ಲಿಮರ ಹೋಟೆಲಿನ, ಹುಡುಗನಿಗೆ ತುಳು, ಕನ್ನಡ ಬೆರೆಸಿ ದೋಸೆ ಹೇಗೆ ಹುಯ್ಯಬೇಕೆಂದು ಹೇಳಿಕೊಡುತ್ತಿದ್ದರು. ಅವನು ತಮಿಳಿನಲ್ಲಿ 'ಸರಿಂಗಮ್ಮ' ಎನ್ನುತ್ತ ತನ್ನ ರೀತಿಯಲ್ಲೇ ಹುಯ್ಯುತ್ತಿದ್ದ. ಮಾಲಿನಲ್ಲಿ ಶಾಲೆಯ ಯಾರಾದರೂ ಎದುರಾದರೆ ಡಾಕ್ಟರು ಅವರನ್ನು 'ಮಂಗಳೂರಿನ ಚಿಕ್ಕಮ್ಮ' ಎಂದು ಪರಿಚಯಿಸುತ್ತಿದ್ದರು. ತಾಯಿಗೆ ಇದರ ಕಾರಣ ತಿಳಿದದ್ದು ಒಂದು ಭಾನುವಾರ, ಮೊಮ್ಮಗ ಬಾಯಿತಪ್ಪಿ ಆಡಿದ ಮಾತಿನಿಂದ. ಅವರು ಸಿಟ್ಟಾಗಲಿಲ್ಲ.

'ನಾನು ಸತ್ತದ್ದು ನನಗೇ ಹೇಳ್ಲಿಲ್ಲ ಅಲ್ವಾ ಮಗಾ' ಎಂದರು. 'ಹದಿಮೂರನೇ ದಿನದ ಊಟಕ್ಕೆ ಹೋಳಿಗೆ ಮಾಡ್ಸಿದ್ಯಾ?'

ಡಾಕ್ಟರು, 'ಬಿಡಿ ಅಮ್ಮ, ಇಲ್ಲಿಯ ರೂಲ್ಸ್ ಹಾಗೆ' ಎಂದರು.

ಎರಡು ವಾರದ ನಂತರದ ಭಾನುವಾರ ಊಟ ಅವರ ಮನೆಯಲ್ಲಿತ್ತು. ಇನ್ನೂ ಎಲೆ ಎತ್ತಿರಲಿಲ್ಲ, ಗದಗಿನಿಂದ ಅಣ್ಣನ ಫೋನು ಬಂತು. ಅವನು ಒಂದೇ ಮಾತು ಹೇಳಿದ. 'ಅವ್ವ ಹೋದಳಪಾ.' ಬೆಳಿಗ್ಗೆ ಸ್ನಾನ ಮಾಡಿ ಲಿಂಗಪೂಜೆಗೆ ಕೂತವಳು ಹಾಗೇ ಒರಗಿದ್ದಳಂತೆ.

ಆಮೇಲಿನ ಕೆಲವು ಗಂಟೆಗಳಲ್ಲಿ ಡಾಕ್ಟರು ಮಾಡಿದ್ದನ್ನು ನಾನು ಮರೆತಿಲ್ಲ, ಇಲ್ಲಿ ಬಿಡುವುದೂ ಇಲ್ಲ. ನಮ್ಮ ಮೂವರ ಟಿಕೆಟ್ಟನ್ನು ಅವರೇ ಬುಕ್ ಮಾಡಿದರು. ನನ್ನ ಆಫೀಸಿಗೆ ಅವರೇ ಫೋನು ಮಾಡಿದರು. ಮಗಳ ಕ್ಲಾಸ್ ಟೀಚರಿಗೆ ಮೆಸೇಜು ಕಳಿಸುವಾಗ ಪಕ್ಕದಲ್ಲೇ ಕೂತು, 'ಅಜ್ಜಿ ಅಂತ ಬರೀರಿ, ಗ್ರ್ಯಾಂಡ್‌ಮದರ್ ಅಂತ ಸ್ಪಷ್ಟವಾಗಿ ಬರೀರಿ' ಎಂದರು. ಅವರ ತಾಯಿ ನಮ್ಮ ಮನೆಗೆ ಬಂದು ನನ್ನ ಹೆಂಡತಿಯ ಬ್ಯಾಗಿಗೆ ಸೀರೆ ಮಡಿಸಿ ಇಡುತ್ತಿದ್ದರು.

ಆ ಹೊತ್ತಿಗೆ ಅಣ್ಣ ಫೋಟೋ ಕಳಿಸಿದ. ನಮ್ಮ ಲಿಂಗಾಯತರಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಹೊಸ ಸೀರೆ ಉಡಿಸಿ, ಚಕ್ಕಳಮಕ್ಕಳ ಹಾಕಿಸಿ ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಕೂತ ಭಂಗಿಯಲ್ಲೇ ಮಣ್ಣಿಗಿಡುತ್ತಾರೆ. ಬೀಳದ ಹಾಗೆ ಹಿಂದಿನಿಂದ ಒಂದು ಬಟ್ಟೆ ಕಟ್ಟಿರುತ್ತಾರೆ, ಅದು ಹಾರಗಳ ಕೆಳಗೆ ಕಾಣುವುದಿಲ್ಲ. ಅವ್ವ ಹಾಗೆ ಕೂತಿದ್ದಳು. ಕೊರಳ ತುಂಬ ಸೇವಂತಿಗೆ ಹಾರ, ಅಂಗೈಯಲ್ಲಿ ಲಿಂಗ. ಅವಳ ಪಕ್ಕದಲ್ಲಿ ಅಕ್ಕ ಕೂತು ಸೆರಗು ಸರಿಮಾಡುತ್ತಿದ್ದಳು.

ಡಾಕ್ಟರ ತಾಯಿ ನನ್ನ ಕೈಯಿಂದ ಫೋನು ತೆಗೆದುಕೊಂಡರು. 'ಇವರು ಕೂತಿದ್ದಾರಲ್ಲ' ಎಂದರು.

ನಾನು ಹೇಳಿದೆ. ಈಗ ಇಲ್ಲಿ ಬರೆದಷ್ಟನ್ನೂ ಹೇಳಿದೆ. ಡಾಕ್ಟರು ಲ್ಯಾಪ್‌ಟಾಪ್ ಬಿಟ್ಟು ಎದ್ದು ಬಂದು ತಾಯಿಯ ಹೆಗಲ ಮೇಲಿನಿಂದ ನೋಡಿದರು. 'ನನಗೆ ಗೊತ್ತಿರ್ಲಿಲ್ಲ ಮಾರಾಯ್ರೇ. ಮಣ್ಣು ಮಾಡುದು ಗೊತ್ತಿತ್ತು, ಕೂರಿಸುದು ಗೊತ್ತಿರ್ಲಿಲ್ಲ' ಎಂದರು.

ಅವರ ತಾಯಿ ಫೋನನ್ನು ಕಣ್ಣಿಗೆ ಒತ್ತಿಕೊಂಡರು. 'ಇದೇ ಚಂದ. ಮಲಗಿಸಿದ್ರೆ ಬಂದವರ ಕಾಲ ಹತ್ರ. ಕೂತ್ರೆ ಮನೆ ಯಜಮಾನ್ತಿಯ ಹಾಗೇ' ಎಂದರು.

ನಾವು ಮರುದಿನ ಮಣ್ಣಿನ ಹೊತ್ತಿಗೆ ಮುಟ್ಟಿದೆವು. ಹನ್ನೊಂದನೇ ದಿನದ ಶಿವಗಣಾರಾಧನೆ ಮುಗಿಸಿದೆವು. ಅಕ್ಕನ ಆರೋಗ್ಯ ಕೆಟ್ಟು ಇನ್ನೂ ಕೆಲವು ದಿನ ನಿಂತೆವು. ಎರಡು ವಾರದ ಗೆರೆ ದಾಟಿತು. ನನಗೆ ಅದರ ಚಿಂತೆ ಇರಲಿಲ್ಲ. ನಾನು ನಿಜ ಹೇಳಿ ಹೋಗಿದ್ದೆ.

ನಾವು ಇಲ್ಲದಾಗ ಶಾಲೆಯಲ್ಲಿ ಹಾಜರಾತಿ ನೋಡುವ ಉಪಪ್ರಾಂಶುಪಾಲರು ಬದಲಾಗಿದ್ದರು. ಹೊಸಬರು ಚೀನೀ ಮನೆತನದ ಹೆಂಗಸು, ಮೆದು ಮಾತು. ಹಳೆಯ ರಜೆಗಳನ್ನು ನೋಡಿ, ಒಂದೇ ರಾಜ್ಯದಿಂದ ಬಂದ ಇಷ್ಟು ಮನೆಗಳಲ್ಲಿ ಇಷ್ಟು ಅಜ್ಜಿಯರು ಟರ್ಮಿನ ನಡುವೆಯೇ ಯಾಕೆ ಸಾಯುತ್ತಾರೆ ಎಂದು ಅವರು ಕೇಳಿದ್ದರಂತೆ. ಕೇಳಬೇಕಾದ ಪ್ರಶ್ನೆಯೇ. ದಾಖಲೆ ಆಮೇಲೆ ತಂದರೂ ಸಾಕು ಎಂಬುದನ್ನೂ ಅವರು ನಿಲ್ಲಿಸಿದ್ದರು. ನಮಗೆ ಸಮಿತಿಯ ಕರೆ ಬಂತು. ಮಗಳು ಪರೀಕ್ಷೆಯ ವರ್ಷದಲ್ಲಿದ್ದಳು. ಬೋರ್ಡಿಗೆ ಹೆಸರು ಕಳಿಸುವ ಕೊನೆಯ ದಿನ ಅದೇ ವಾರವಿತ್ತು. ಸೀಟು ಉಳಿದರೆ ಅವಳ ಹೆಸರು ಹೋಗುತ್ತದೆ, ಇಲ್ಲದಿದ್ದರೆ ಇಲ್ಲ. ಗದಗಿನ ನಗರಸಭೆಯಿಂದ ಮರಣಪತ್ರ ಇನ್ನೂ ಬಂದಿರಲಿಲ್ಲ. ಅಮಾವಾಸ್ಯೆ ಮುಗೀಲಿ ಬರ್ರಿ ಅಂದಾರ ಎಂದು ಅಣ್ಣ ಹೇಳುತ್ತಿದ್ದ.

ಆದರೂ ನಾನು ಹೆದರಲಿಲ್ಲ. ಸಮಿತಿಯ ಮೂವರಲ್ಲಿ ಒಬ್ಬರು ಪಾಲಕರ ಪ್ರತಿನಿಧಿ. ಆ ವರ್ಷ ಆ ಪ್ರತಿನಿಧಿ ಡಾಕ್ಟರು. ಹಿಂದಿನ ಸಂಜೆ ಲಿಫ್ಟಿನಲ್ಲಿ ಸಿಕ್ಕಿ, 'ನಾನಿದ್ದೇನಲ್ಲ, ಐದು ನಿಮಿಷದ ಕೆಲಸ' ಎಂದಿದ್ದರು.

ಕೋಣೆಯಲ್ಲಿ ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ನಾನು ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಏನನ್ನೂ ಸೇರಿಸಿಲ್ಲ. ಉಪಪ್ರಾಂಶುಪಾಲರು ನಡುವೆ ಕೂತಿದ್ದರು. ಅವರ ಬಲಕ್ಕೆ ಗಣಿತದ ಹಿರಿಯ ಮೇಷ್ಟ್ರು, ಮಲಯ ಗೃಹಸ್ಥರು. ಎಡಕ್ಕೆ ಡಾಕ್ಟರು. ಡಾಕ್ಟರು ಎರಡೂ ಕೈಗಳನ್ನು ಮೇಜಿನ ಮೇಲೆ ಇಟ್ಟಿದ್ದರು.

ಉಪಪ್ರಾಂಶುಪಾಲರು ಮೊದಲು ಸಂತಾಪ ಹೇಳಿದರು. ಆಮೇಲೆ, 'ತಪ್ಪು ತಿಳಿಯಬೇಡಿ, ತೋರಿಸುವಂಥದ್ದು ಏನಾದರೂ ಇದೆಯೇ' ಎಂದು ಕೇಳಿದರು. ನಾನು ಫೋನು ತೆಗೆದು ಆ ಫೋಟೋ ತೋರಿಸಿದೆ. ಅದನ್ನು ತೋರಿಸಬೇಕಾಗಿ ಬಂದುದಕ್ಕೆ ನನ್ನ ಹೆಂಡತಿ ತಲೆ ತಗ್ಗಿಸಿದಳು.

ಅವರು ಬಹಳ ಹೊತ್ತು ನೋಡಿದರು. 'ಇವರು ಕೂತಿದ್ದಾರೆ' ಎಂದರು.

'ನಮ್ಮಲ್ಲಿ ಕೂರಿಸುತ್ತಾರೆ' ಎಂದೆ.

'ಪಕ್ಕದವರು ಇವರ ಸೀರೆ ಸರಿಮಾಡುತ್ತಿದ್ದಾರೆ.'

'ಅವಳು ನನ್ನ ಅಕ್ಕ.'

ಅವರು ಫೋನನ್ನು ಮೇಷ್ಟ್ರಿಗೆ ಕೊಟ್ಟರು. ಮೇಷ್ಟ್ರು ನೋಡಿ ಹಿಂದಕ್ಕೆ ಕೊಟ್ಟರು. ಹಾರ, ಹೊಸ ಸೀರೆ, ಹಣೆಯ ತುಂಬ ವಿಭೂತಿ. ಗೊತ್ತಿಲ್ಲದವರಿಗೆ ಅದು ಹುಟ್ಟುಹಬ್ಬದ ಸನ್ಮಾನದ ಹಾಗೆ ಕಾಣಬಹುದೆಂದು ನನಗೆ ಆಗ ಹೊಳೆಯಿತು. ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಉಪಪ್ರಾಂಶುಪಾಲರು ಫೋನನ್ನು ಡಾಕ್ಟರ ಮುಂದೆ ಇಟ್ಟರು. 'ಪಾಲಕರ ಸ್ವಂತ ಮಾತನ್ನಷ್ಟೇ ನಾವು ಒಪ್ಪುವ ಹಾಗಿಲ್ಲ. ನೀವು ಅದೇ ರಾಜ್ಯದವರು. ಹೋದ ವರ್ಷ ನೀವೂ ತಾಯಿಯನ್ನು ಕಳೆದುಕೊಂಡಿದ್ದೀರಿ, ಕೇಳುವುದಕ್ಕೆ ಕ್ಷಮಿಸಿ. ನಿಮ್ಮ ತಾಯಿಯನ್ನೂ ಹೀಗೆ ಕೂರಿಸಿದ್ದರೇ?'

ಡಾಕ್ಟರು ಫೋಟೋವನ್ನು ನೋಡಿದರು. ಮೇಜಿನ ಮೇಲಿದ್ದ ಕೈಗಳನ್ನು ಕೆಳಗೆ ಇಳಿಸಿದರು.

'ಇಲ್ಲ' ಎಂದರು. 'ನಮ್ಮಲ್ಲಿ ಈ ಪದ್ಧತಿ ಇಲ್ಲ.'

'ಬೇರೆಯವರಲ್ಲಿ ಇದೆಯೇ? ನಿಮಗೆ ಗೊತ್ತೇ?'

'ನಾನು ಹೇಳಲಾರೆ.'

ಅಷ್ಟೇ. ಎರಡು ಉತ್ತರ. ಮೊದಲನೆಯದು ನಿಜ. ಎರಡನೆಯದನ್ನು ಹೇಳುವಾಗ ಅವರು ನನ್ನನ್ನು ನೋಡಲಿಲ್ಲ, ಕಿಟಕಿಯನ್ನು ನೋಡಿದರು. ಹೊರಗೆ ಮಕ್ಕಳು ಫುಟ್‌ಬಾಲ್ ಆಡುತ್ತಿದ್ದರು. ಅವರಲ್ಲಿ ಅವರ ಮಗನೂ ಇದ್ದ.

ಆ ಹೊತ್ತಿಗೆ ಅವರ ತಾಯಿ ಪುಚೊಂಗ್‌ನ ಮನೆಯಲ್ಲಿ ಬಟ್ಟೆ ಒಣಗಿಸುತ್ತಲೋ ದೋಸೆಗೆ ರುಬ್ಬುತ್ತಲೋ ಇದ್ದರು. ನಾನು ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ಹೇಳಿದ್ದರೆ ಹೊರಗೆ ಚೆಂಡು ಒದೆಯುತ್ತಿದ್ದ ಹುಡುಗನ ಸೀಟು ಹೋಗುತ್ತಿತ್ತು. ನನ್ನ ಮಗಳು ಕುರ್ಚಿಯಿಂದ ಹಿಂದೆ ತಿರುಗಿ ನನ್ನನ್ನೇ ನೋಡುತ್ತಿದ್ದಳು. ನಾನು ಡಾಕ್ಟರ ಬಾಯಿ ಇನ್ನೊಮ್ಮೆ ತೆರೆಯುತ್ತದೆಂದು ಕಾದೆ. ಬಿಡುವು ಮುಗಿದ ಗಂಟೆ ಬಾರಿಸಿತು.

ಕಾರಣ ಒಪ್ಪಿಗೆಯಾಗಿಲ್ಲ, ಸೀಟು ಉಳಿಯುವುದಿಲ್ಲ ಎಂದು ಉಪಪ್ರಾಂಶುಪಾಲರು ತೀರ್ಮಾನವನ್ನು ಅಲ್ಲೇ ಹೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

ಕೆಳಗೆ ಕಾರಿನ ಹತ್ತಿರ ಡಾಕ್ಟರು ಹಿಂದಿನಿಂದ ಬಂದು ನನ್ನ ಮೊಣಕೈ ಹಿಡಿದರು.

'ಮಾರಾಯ್ರೇ, ನಾನು ಸುಳ್ಳು ಹೇಳ್ಲಿಲ್ಲ. ನಮ್ಮಲ್ಲಿ ಇಲ್ಲ, ಇಲ್ಲ ಅಂದೆ.'

'ನಿಮಗ ಗೊತ್ತಿತ್ತು' ಎಂದೆ. 'ನಮ್ಮನ್ಯಾಗ ನಿಂತು ನೋಡೀರಿ.'

'ನೋಡಿದ್ದೇನೆ ಅಂದ್ರೆ, ಯಾರ ಜೊತೆ ಅಂತ ಕೇಳ್ತಾರೆ. ಅಮ್ಮನ ಹೆಸರು ಬರ್ತದೆ. ನನ್ನ ಮಗನಿಗೂ ಇದೇ ವರ್ಷ ಪರೀಕ್ಷೆ ಅಲ್ವಾ?'

ನನ್ನ ಹೆಂಡತಿ ಕಾರಿನ ಬಾಗಿಲು ಹಿಡಿದು ನಿಂತಿದ್ದಳು. 'ಡಾಕ್ಟರ, ನಿಮ್ಮ ತಾಯಿ ಬದುಕ್ಯಾರ. ನಮ್ಮತ್ತಿ ಸತ್ತಾರ. ಇಷ್ಟು ಹೇಳಾಕ ನಿಮಗ ಆಗಲಿಲ್ಲ' ಎಂದಳು.

ಅವರು ಕೈ ಬಿಟ್ಟರು.

ಮಗಳು ಹಿಂದಿನ ಸೀಟಿನಲ್ಲಿ ಕೂತಿದ್ದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಟೋಲ್ ದಾಟಿದ ಮೇಲೆ, 'ಐ ರೋಟ್ ಇನ್ ದಟ್ ಕಾರ್ಡ್, ಅಪ್ಪ' ಎಂದಳು. 'ಸಾರಿ ಫಾರ್ ಯುವರ್ ಲಾಸ್ ಅಂತ. ಫಾರ್ ಹಿಸ್ ಅಜ್ಜಿ. ನೋಬಡಿ ಮೇಡ್ ಒನ್ ಫಾರ್ ಮೈನ್.'

ಅವತ್ತು ಸಂಜೆ ಡಾಕ್ಟರ ತಾಯಿ ನಮ್ಮ ಮನೆಗೆ ಬಂದರು. ಲಿಫ್ಟಿನ ಗುಂಡಿ ಒತ್ತಲು ಅವರಿಗೆ ಬರುತ್ತಿರಲಿಲ್ಲ, ಮೆಟ್ಟಿಲು ಹತ್ತಿ ಬಂದಿದ್ದರು. ಸೊಸೆ ಎಲ್ಲ ಹೇಳಿದ್ದಳಂತೆ. ಅವರು ಸೋಫಾದಲ್ಲಿ ಕೂರದೆ ನೆಲದ ಮೇಲೆ, ನನ್ನ ಮಗಳ ಕಾಲ ಹತ್ತಿರ ಕೂತರು.

'ನಾಳೆ ಬೆಳಿಗ್ಗೆ ನನ್ನನ್ನು ಶಾಲೆಗೆ ಕರ್ಕೊಂಡು ಹೋಗು ಮಗಾ' ಎಂದರು ನನಗೆ. 'ನಾನು ಸತ್ತವಳಲ್ಲ, ನಿನ್ನ ತಾಯಿ ಸತ್ತದ್ದು ನಿಜ, ನಾನೇ ಕಣ್ಣಾರೆ ಫೋಟೋ ನೋಡಿದ್ದೇನೆ ಅಂತ ಹೇಳ್ತೇನೆ. ನನಗೆ ಇಂಗ್ಲಿಷ್ ಬರುದಿಲ್ಲ. ಈ ಹುಡುಗಿ ಹೇಳ್ಲಿ.'

'ಮೊಮ್ಮಗನ ಸೀಟು ಹೋಗ್ತದ ಅಮ್ಮ' ಎಂದೆ.

'ಹೋಗ್ಲಿ. ಅವನ ಅಪ್ಪ ಸುಳ್ಳು ಹೇಳಿ ಉಳಿಸಿದ ಸೀಟು ಅದು. ಇವಳದ್ದು ಅಲ್ಲ.'

ನಾನು ಒಪ್ಪಲಿಲ್ಲ, ಬೇಡವೆಂದೂ ಹೇಳಲಿಲ್ಲ. ಬೆಳಿಗ್ಗೆ ನೋಡೋಣ ಎಂದೆ. ಬೆಳಿಗ್ಗೆ ನಾನು ಬಾಲ್ಕನಿಯಲ್ಲಿದ್ದೆ. ಕೆಳಗೆ ಅವರು ಹಸಿರು ಸೀರೆ ಉಟ್ಟು, ಮುಡಿಗೆ ಹೂವಿಟ್ಟು, ಕಾವಲುಗಾರನ ಕೋಣೆಯ ಹತ್ತಿರ ನಿಂತಿದ್ದರು. ನನ್ನ ಕಾರಿಗಾಗಿ ಕಾಯುತ್ತಿದ್ದರು. ನಾನು ಕೆಳಗಿಳಿಯಲೆಂದು ತಿರುಗುವಷ್ಟರಲ್ಲಿ ಡಾಕ್ಟರ ಕಾರು ಬಂದು ಅವರ ಮುಂದೆ ನಿಂತಿತು. ಸೂಟ್‌ಕೇಸು ಆಗಲೇ ಹಿಂದಿನ ಸೀಟಿನಲ್ಲಿತ್ತು. ಡಾಕ್ಟರು ಇಳಿದು ಬಾಗಿಲು ತೆರೆದು ಹಿಡಿದರು, ಏನೋ ಹೇಳಿದರು. ತಾಯಿ ಇಲ್ಲವೆಂದು ತಲೆಯಾಡಿಸಿದರು. ಡಾಕ್ಟರು ಮತ್ತೆ ಹೇಳಿದರು, ಈ ಸಲ ತೋಳು ಹಿಡಿದು. ಕಾವಲುಗಾರ ಕೋಣೆಯಿಂದ ಹೊರಗೆ ಬಂದು ನೋಡುತ್ತ ನಿಂತ. ಕಾರು ಹತ್ತುವ ಮುನ್ನ ತಾಯಿ ತಲೆಯೆತ್ತಿ ನಮ್ಮ ಬಾಲ್ಕನಿಯ ಕಡೆ ನೋಡಿದರು. ನಾನು ಕೆಳಗಿಳಿದು ಬರುವಷ್ಟರಲ್ಲಿ ಗೇಟಿನ ಅಡ್ಡಕೋಲು ಮೇಲೆದ್ದು ಕೆಳಗೆ ಬಿದ್ದಾಗಿತ್ತು. ಮೂರು ತಿಂಗಳಿಗೆಂದು ಬಂದವರನ್ನು ಎರಡನೇ ತಿಂಗಳಿಗೇ ಊರಿಗೆ ಕಳಿಸಿಬಿಟ್ಟರು.

ಮರಣಪತ್ರ ಮುಂದಿನ ತಿಂಗಳು ಬಂತು. ಶಾಲೆಗೆ ಕಳಿಸಿದೆ. ಉಪಪ್ರಾಂಶುಪಾಲರೇ ಫೋನು ಮಾಡಿ, ತುಂಬಾ ವಿಷಾದವಾಗಿದೆ, ಸೀಟಿಗೆ ಬೇರೆ ಮಗು ಬಂದಾಗಿದೆ, ಪರೀಕ್ಷೆಗೆ ಹೆಸರು ಕಳಿಸುವುದೂ ಮುಗಿದಿದೆ ಎಂದರು. ಫೋನು ಇಡುವ ಮುನ್ನ, 'ನಿಮ್ಮ ತಾಯಿ ಚೆನ್ನಾಗಿ ಕೂತಿದ್ದರು' ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಕೇಳಬೇಕಾದವರನ್ನೇ ಕೇಳಿದ್ದರು.

ಮಗಳು ಈಗ ದೂರದ ಬೇರೆ ಶಾಲೆಯಲ್ಲಿ, ತನಗಿಂತ ಒಂದು ವರ್ಷ ಚಿಕ್ಕವರ ಜೊತೆ ಕೂತು ಅದೇ ಪಾಠ ಓದುತ್ತಿದ್ದಾಳೆ. ಡಾಕ್ಟರ ಮಗ ಪರೀಕ್ಷೆ ಪಾಸಾದ. ಭಾನುವಾರದ ಊಟ ನಿಂತಿದೆ. ಲಿಫ್ಟಿನಲ್ಲಿ ಒಮ್ಮೊಮ್ಮೆ ಇಬ್ಬರೇ ಸಿಕ್ಕುತ್ತೇವೆ. ಅವರು ಮೊದಲು ನನ್ನ ಮಹಡಿಯ ಗುಂಡಿ ಒತ್ತುತ್ತಾರೆ, ಆಮೇಲೆ ತಮ್ಮದು. ಹಳೆಯ ಅಭ್ಯಾಸ. ಅದನ್ನು ನೋಡಿದಾಗಲೆಲ್ಲ ನನಗೆ ಆ ಬೆಳಗಿನ ಕೈಗಳು ಕಾಣುತ್ತವೆ, ಮೇಜಿನ ಮೇಲಿಂದ ಕೆಳಗೆ ಇಳಿದದ್ದು.

ಆ ಕೋಣೆಯಲ್ಲಿ ನಡೆದದ್ದನ್ನು ನನ್ನ ಜೊತೆ ನೋಡಿದವರು ನನ್ನ ಹೆಂಡತಿ, ನನ್ನ ಮಗಳು, ಗಣಿತದ ಮೇಷ್ಟ್ರು, ಉಪಪ್ರಾಂಶುಪಾಲರು. ಎಲ್ಲರೂ ಇದ್ದಾರೆ. ಮೇಷ್ಟ್ರು ಅದೇ ಶಾಲೆಯಲ್ಲಿದ್ದಾರೆ, ಉಪಪ್ರಾಂಶುಪಾಲರು ಪೆನಾಂಗಿಗೆ ಹೋಗಿದ್ದಾರೆಂದು ಕೇಳಿದೆ. ಡಾಕ್ಟರು ಇದ್ದಾರೆ, ಎರಡು ಮಹಡಿ ಕೆಳಗೆ. ಅದಕ್ಕೂ ಮೊದಲು, ಆ ಭಾನುವಾರ ನನ್ನ ಮನೆಯಲ್ಲಿ ಅವ್ವ ಕೂತ ಫೋಟೋವನ್ನು ಕೈಯಲ್ಲಿ ಹಿಡಿದು ನೋಡಿ, ಕಣ್ಣಿಗೆ ಒತ್ತಿಕೊಂಡವರು ಇನ್ನೊಬ್ಬರು. ಶಾಲೆಯ ಲೆಕ್ಕದಲ್ಲಿ ಅವರು ತೀರಿಕೊಂಡು ಬಹಳ ಕಾಲವಾಯಿತು. ಅವರು ಉಡುಪಿಯ ಹತ್ತಿರ ಚಿಕ್ಕ ಮಗನ ಮನೆಯಲ್ಲಿದ್ದಾರೆ. ಬೆಳಿಗ್ಗೆ ಬರಿಗಾಲಲ್ಲಿ ನಡೆಯುತ್ತಾರೆ. ನನ್ನ ಮಗಳಿಗೆ ತಪ್ಪದೆ ಫೋನು ಮಾಡುತ್ತಾರೆ.